ಅಂಗಡಿ ತೆರೆದರೆ ಸಾಲದು, ದಾರಿಯೂ ಕಾಣಬೇಕು
ಗೂಗಲ್ ಹುಡುಕಾಟದಲ್ಲಿ ರೈತರ ಜಾಲತಾಣ ಮೇಲೆ ಬರುವ ಬಗೆ

ಬೆಳೆಯುವುದು ಒಂದು ವಿದ್ಯೆ. ಬೆಳೆದದ್ದನ್ನು ಮಾರುವುದು ಇನ್ನೊಂದು ವಿದ್ಯೆ. ಎರಡನೆಯದನ್ನು ನಾವು ಬಹುಕಾಲ ಬೇರೆಯವರ ಕೈಗೆ ಬಿಟ್ಟುಕೊಟ್ಟಿದ್ದೇವೆ. 2024ರ ಮಾರ್ಚ್ 11ರಂದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದರ ಕುಸಿದು ರೈತರು ರೊಚ್ಚಿಗೆದ್ದದ್ದು, ವಾಹನಗಳಿಗೆ ಬೆಂಕಿ ಬಿದ್ದದ್ದು ನಿಮಗೆ ನೆನಪಿರಬಹುದು. ಚೀಲ ಹೊತ್ತು ತಂದವನಿಗೆ ಆ ಒಂದೇ ಅಂಗಳದ ಹೊರತು ಬೇರೆ ಗಿರಾಕಿ ಕಾಣದಿದ್ದಾಗ ಹೇಳಿದ ದರಕ್ಕೆ ಕೊಟ್ಟು ಬರುವುದೇ ಗತಿಯಾಗುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಅನೇಕ ಕಡೆ ರೈತರು ಸಂಘ ಕಟ್ಟಿಕೊಂಡು ತಮ್ಮ ಮಾಲಿನ ಒಂದು ಪಾಲನ್ನಾದರೂ ನೇರವಾಗಿ ಬಳಕೆದಾರರಿಗೆ ಮಾರಲು ಮುಂದಾಗಿದ್ದಾರೆ. 2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆಯನ್ನು ಆರಂಭಿಸಿದ ಮೇಲೆ ಈ ಕೆಲಸಕ್ಕೆ ಇನ್ನಷ್ಟು ಚಾಲನೆ ಸಿಕ್ಕಿತು. ಸಂಸ್ಥೆಯಾದ ಮೇಲೆ ಒಂದು ಜಾಲತಾಣವೂ ಇರಲಿ ಎಂದು ಯಾರೋ ಹೇಳುತ್ತಾರೆ. ಪೇಟೆಯ ಹುಡುಗನೊಬ್ಬ ಮಾಡಿಕೊಡುತ್ತಾನೆ. ಉದ್ಘಾಟನೆಯೂ ಆಗುತ್ತದೆ. ಆಮೇಲೆ ಆರು ತಿಂಗಳಾದರೂ ಒಂದು ಆರ್ಡರು ಬರುವುದಿಲ್ಲ. ಬೆಂಗಳೂರಿನ ಗೃಹಿಣಿ ಗೂಗಲ್‌ನಲ್ಲಿ ಮೆಣಸಿನಕಾಯಿ ಎಂದು ಹುಡುಕಿದಾಗ ದೊಡ್ಡ ದೊಡ್ಡ ಕಂಪೆನಿಗಳೇ ಕಾಣುತ್ತವೆಯೇ ಹೊರತು ನಿಮ್ಮ ಹೆಸರು ಎಲ್ಲಿಯೂ ಇಲ್ಲ. ಅಂಗಡಿ ಇದೆ, ಆದರೆ ಅದಕ್ಕೆ ಹೋಗುವ ದಾರಿಯಿಲ್ಲ.

ಈ ದಾರಿ ಮಾಡುವ ಕೆಲಸದ ಬಗ್ಗೆ ತಿಳಿದುಕೊಳ್ಳುವುದು ಅಗತ್ಯ. ಏಕೆಂದರೆ ತಿಳಿಯದವರ ಬಳಿಗೆ ‘ನಿಮ್ಮ ಜಾಲತಾಣವನ್ನು ಮೊದಲನೆಯ ಸ್ಥಾನಕ್ಕೆ ತರುತ್ತೇವೆ, ಇಷ್ಟು ಸಾವಿರ ಕೊಡಿ’ ಎನ್ನುವವರು ಫೋನು ಮಾಡುತ್ತಲೇ ಇರುತ್ತಾರೆ.

ಯಂತ್ರ ಹುಡುಕುವ ಕ್ರಮ

ಗೂಗಲ್ ನೀವು ಕೇಳಿದ ಗಳಿಗೆಯಲ್ಲಿ ಜಗತ್ತನ್ನೆಲ್ಲ ಓಡಾಡಿ ಹುಡುಕುವುದಿಲ್ಲ. ಅದರ ಯಂತ್ರಗಳು ಹಗಲಿರುಳೂ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿ ಹಿಡಿದು ಸಾಗುತ್ತ, ಕಂಡ ಪುಟಗಳನ್ನು ಓದಿ, ಯಾವ ಮಾತು ಯಾವ ಪುಟದಲ್ಲಿದೆ ಎಂದು ಒಂದು ಬೃಹತ್ ಖಾತೆಪುಸ್ತಕದಲ್ಲಿ ಬರೆದಿಟ್ಟಿರುತ್ತವೆ. ನೀವು ಕೇಳಿದಾಗ ಆ ಖಾತೆಯನ್ನು ತೆಗೆದು ನೋಡುತ್ತವೆ. ಆದ್ದರಿಂದ ಖಾತೆಯಲ್ಲಿ ಹೆಸರಿಲ್ಲದ ಪುಟಕ್ಕೆ ಸ್ಥಾನವೂ ಇಲ್ಲ.

ಖಾತೆಯಲ್ಲಿರುವ ಸಾವಿರಾರು ಪುಟಗಳಲ್ಲಿ ಯಾವುದನ್ನು ಮೇಲಿಡಬೇಕು? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬಿಬ್ಬರು ಇದಕ್ಕೆ ಒಂದು ಉಪಾಯ ಕಂಡುಕೊಂಡರು. 1998ರಲ್ಲಿ ಅವರೇ ಗೂಗಲ್ ಕಂಪೆನಿಯನ್ನು ಆರಂಭಿಸಿದರು. ಉಪಾಯ ನಮಗೆ ಹೊಸದಲ್ಲ. ಒಳ್ಳೆಯ ಬಿತ್ತನೆ ಬೀಜ ಯಾರಲ್ಲಿ ಸಿಗುತ್ತದೆ ಎಂದು ಊರಿನಲ್ಲಿ ವಿಚಾರಿಸುತ್ತೀರಿ. ಹತ್ತು ಮಂದಿ ಒಬ್ಬನ ಹೆಸರು ಹೇಳಿದರೆ ಅವನ ಮೇಲೆ ನಂಬಿಕೆ ಹುಟ್ಟುತ್ತದೆ. ಆ ಹತ್ತು ಮಂದಿಯಲ್ಲಿ ಊರೇ ಮೆಚ್ಚುವ ಹಿರಿಯ ಒಕ್ಕಲಿಗನಿದ್ದರೆ ಅವನ ಒಂದು ಮಾತು ಐದು ಮಂದಿಯ ಮಾತಿಗೆ ಸಮ. ಹಾಗೆಯೇ, ಒಂದು ಪುಟ ಇನ್ನೊಂದಕ್ಕೆ ಕೊಂಡಿ ಕೊಟ್ಟರೆ ಅದು ಒಂದು ಶಿಫಾರಸು. ಶಿಫಾರಸು ಮಾಡಿದವನ ಯೋಗ್ಯತೆಯ ಮೇಲೆ ಅದರ ತೂಕ. ಇದಕ್ಕೆ ಪೇಜ್‌ರ‍್ಯಾಂಕ್ ಎಂದು ಹೆಸರು. ಇಂದು ಇದರ ಜೊತೆಗೆ ಇನ್ನೂ ಅನೇಕ ಅಂಶಗಳನ್ನು ನೋಡಲಾಗುತ್ತದೆ: ಕೇಳಿದ ಪ್ರಶ್ನೆಗೆ ಪುಟ ಉತ್ತರಿಸುತ್ತದೆಯೇ, ಮೊಬೈಲಿನಲ್ಲಿ ಸರಿಯಾಗಿ ತೆರೆದುಕೊಳ್ಳುತ್ತದೆಯೇ, ಕೇಳುವವನು ಯಾವ ಊರಿನಲ್ಲಿದ್ದಾನೆ ಮುಂತಾಗಿ.

ಹುಡುಕಾಟದ ಮೇಲ್ಭಾಗದಲ್ಲಿ ‘ಪ್ರಾಯೋಜಿತ’ ಎಂಬ ಗುರುತಿನೊಂದಿಗೆ ಬರುವವು ಹಣ ಕೊಟ್ಟ ಜಾಹೀರಾತುಗಳು. ಅವುಗಳ ಕೆಳಗಿನ ಸಹಜ ಸ್ಥಾನಗಳನ್ನು ಹಣಕ್ಕೆ ಮಾರುವುದಿಲ್ಲವೆಂದು ಗೂಗಲ್ ಸ್ಪಷ್ಟವಾಗಿ ಹೇಳಿದೆ. ಮೊದಲನೆಯ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂಬುದೂ ಅದರದೇ ಮಾತು.

ಮೊದಲು ಖಾತೆಯಲ್ಲಿ ಹೆಸರಿದೆಯೇ ನೋಡಿ

ಗೂಗಲ್‌ನ ಹುಡುಕು ಪೆಟ್ಟಿಗೆಯಲ್ಲಿ ಇಂಗ್ಲಿಷಿನ ‘ಸೈಟ್’ ಎಂಬ ಪದ ಬರೆದು, ಅದಕ್ಕೆ ತಾಗಿಕೊಂಡಂತೆ ಕೋಲನ್ ಚಿಹ್ನೆ ಹಾಕಿ, ಜಾಗ ಬಿಡದೆ ನಿಮ್ಮ ಜಾಲತಾಣದ ವಿಳಾಸ ಬರೆಯಿರಿ. ನಿಮ್ಮ ಪುಟಗಳು ಪಟ್ಟಿಯಾಗಿ ಬಂದರೆ ಖಾತೆಯಲ್ಲಿದ್ದೀರಿ. ಏನೂ ಬಾರದಿದ್ದರೆ ಉಳಿದ ಉಪಚಾರಗಳೆಲ್ಲ ಬರಡು ನೆಲಕ್ಕೆ ಗೊಬ್ಬರ ಸುರಿದಂತೆ.

ಖಾತೆಗೆ ಸೇರದಿರಲು ಕಾರಣ ಎಷ್ಟೋ ಸಲ ಅತಿ ಸಣ್ಣದು. ವರ್ಡ್‌ಪ್ರೆಸ್ ಎಂಬ ಸಾಧನದಲ್ಲಿ ಕಟ್ಟಿದ ತಾಣವಾದರೆ, ಅದರ ಸೆಟ್ಟಿಂಗ್ಸ್‌ನ ಓದುವಿಕೆ ವಿಭಾಗದಲ್ಲಿ ‘ಹುಡುಕು ಯಂತ್ರಗಳು ಬಾರದಂತೆ ಮಾಡು’ ಎಂಬ ಅರ್ಥದ ಒಂದು ಗುರುತು ಪೆಟ್ಟಿಗೆ ಇದೆ. ಕಟ್ಟುವಾಗ ಅರೆಬರೆ ಪುಟ ಹೊರಗೆ ಕಾಣದಿರಲಿ ಎಂದು ಅದನ್ನು ಗುರುತಿಸಿರುತ್ತಾರೆ. ಕೆಲಸ ಮುಗಿದ ಮೇಲೆ ತೆಗೆಯಲು ಮರೆಯುತ್ತಾರೆ. ಬೇಲಿ ಹಾಕಿದವನು ದಡ್ಡೆ ಬಿಡದೆ ಹೋದಂತೆ. ತಾಣ ಕಟ್ಟಿದವರನ್ನು ಈ ಒಂದು ಪ್ರಶ್ನೆ ಮೊದಲು ಕೇಳಿ.

ಅನಂತರ ‘ಗೂಗಲ್ ಸರ್ಚ್ ಕನ್ಸೋಲ್’ ಎಂಬ ಉಚಿತ ಸೌಲಭ್ಯದಲ್ಲಿ ನಿಮ್ಮ ತಾಣವನ್ನು ನೋಂದಾಯಿಸಿ. ಇದಕ್ಕೆ ಒಂದು ಜಿಮೇಲ್ ಖಾತೆ ಸಾಕು. ತಾಣ ನಿಮ್ಮದೇ ಎಂದು ರುಜುವಾತು ಮಾಡಲು ಒಂದು ಸಣ್ಣ ಗುರುತನ್ನು ತಾಣದಲ್ಲಿ ಸೇರಿಸಬೇಕಾಗುತ್ತದೆ. ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪನ್ನು ಅಲ್ಲಿ ಸಲ್ಲಿಸಿದರೆ ಯಂತ್ರಕ್ಕೆ ಕೆಲಸ ಹಗುರ. ಜನ ಯಾವ ಯಾವ ಮಾತು ಹುಡುಕಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಮಂದಿ ಒತ್ತಿ ಒಳಬಂದರು, ಸರಾಸರಿ ಎಷ್ಟನೆಯ ಸ್ಥಾನದಲ್ಲಿದ್ದಿರಿ ಎಂಬ ಲೆಕ್ಕ ಇಲ್ಲಿ ಸಿಗುತ್ತದೆ. ನಿಮ್ಮ ಫೋನಿನಲ್ಲೇ ಹುಡುಕಿ ‘ನಾವು ಮೂರನೆಯವರು’ ಎಂದು ಹಿಗ್ಗುವುದು ಸಲ್ಲದು. ನೀವಿರುವ ಊರು, ಹಿಂದೆ ನೀವು ಹುಡುಕಿದ್ದು, ಇವೆಲ್ಲ ಸೇರಿ ನಿಮಗೆ ಕಾಣುವ ಪಟ್ಟಿಯೇ ಬೇರೆ, ಮುಂಬೈಯವನಿಗೆ ಕಾಣುವ ಪಟ್ಟಿಯೇ ಬೇರೆ.

ನುಡಿ, ಬರಹ ಅಕ್ಷರಗಳ ತೊಡಕು

ಕನ್ನಡದ ತಾಣಗಳಿಗೆ ವಿಶೇಷವಾದ ಒಂದು ರೋಗವಿದೆ. ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ್ದು ತೆರೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಮೇಲೆ ಕನ್ನಡದ ವೇಷ ಹಾಕಿದೆ, ಅಷ್ಟೆ. ಗೂಗಲ್ ಯಂತ್ರ ವೇಷವನ್ನು ನೋಡುವುದಿಲ್ಲ, ಒಳಗಿನದನ್ನು ಓದುತ್ತದೆ. ಅದಕ್ಕೆ ಅಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿ ಮಾತ್ರ ಸಿಗುತ್ತದೆ. ಹುಡುಕುವವನು ಕನ್ನಡದಲ್ಲಿ ‘ಮೆಣಸಿನಕಾಯಿ’ ಎಂದು ಬರೆದರೆ ನಿಮ್ಮ ಪುಟ ಬಾರದಿರುವುದು ಇದರಿಂದಲೇ.

ಪರಿಹಾರ ಸುಲಭ. ಯುನಿಕೋಡ್ ಎಂಬ ಜಾಗತಿಕ ಸಂಕೇತ ಕ್ರಮದಲ್ಲಿ 1991ರಿಂದಲೇ ಕನ್ನಡಕ್ಕೆ ತನ್ನದೇ ಜಾಗವಿದೆ. ನುಡಿ, ಬರಹಗಳಲ್ಲೂ ಯುನಿಕೋಡಿನಲ್ಲಿ ಟೈಪು ಮಾಡುವ ಆಯ್ಕೆ ಬಂದಿದೆ. ಹಳೆಯ ಬರವಣಿಗೆಯನ್ನು ಪರಿವರ್ತಿಸುವ ಸಾಧನಗಳು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ದೊರೆಯುತ್ತವೆ. ಮೊಬೈಲಿನಲ್ಲಿ ನೀವು ವಾಟ್ಸ್‌ಆ್ಯಪಿಗೆ ಬರೆಯುವ ಕನ್ನಡ ಯುನಿಕೋಡೇ ಆಗಿರುವುದರಿಂದ, ಫೋನಿನಲ್ಲಿ ಬರೆದು ತಾಣಕ್ಕೆ ಹಾಕಿದರೂ ಆಗುತ್ತದೆ.

ಇದೇ ಜಾತಿಯ ಇನ್ನೊಂದು ರೋಗ ಭಿತ್ತಿಪತ್ರದ್ದು. ದರ, ವಿಳಾಸ, ಮಾಲಿನ ಗುಣ ಎಲ್ಲವನ್ನೂ ಒಂದು ಬಣ್ಣದ ಚಿತ್ರವಾಗಿ ಮಾಡಿ ಪುಟಕ್ಕೆ ಅಂಟಿಸುತ್ತಾರೆ. ನೋಡಲು ಚೆನ್ನ. ಆದರೆ ಚಿತ್ರದೊಳಗಿನ ಬರಹವನ್ನು ಪುಟದ ಬರಹದಂತೆ ಯಂತ್ರ ಓದಿಕೊಳ್ಳುತ್ತದೆಂದು ನಂಬಿ ಕೂರುವಂತಿಲ್ಲ. ಮಾತುಗಳು ಮಾತುಗಳಾಗಿಯೇ ಇರಲಿ. ಪ್ರತಿ ಚಿತ್ರಕ್ಕೂ ‘ಆಲ್ಟ್’ ಎಂಬ ಜಾಗದಲ್ಲಿ ಚಿತ್ರದಲ್ಲೇನಿದೆ ಎಂದು ಒಂದು ಸಾಲು ಬರೆಯಿಸಿ: ‘ಕಣದಲ್ಲಿ ಒಣಗುತ್ತಿರುವ ಬ್ಯಾಡಗಿ ಕಡ್ಡಿ ಮೆಣಸಿನಕಾಯಿ’ ಎಂದರೆ ಸಾಕು.

ಗಿರಾಕಿಯ ಬಾಯಲ್ಲಿ ಬರುವ ಮಾತು

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಹಾವೇರಿ ಜಿಲ್ಲೆಯ ಹತ್ತು ರೈತರು ಸೇರಿ ಬ್ಯಾಡಗಿ ಮೆಣಸಿನಕಾಯಿ ಮಾರುವ ತಾಣ ತೆರೆದಿದ್ದಾರೆಂದು ಇಟ್ಟುಕೊಳ್ಳಿ. ಮುಖಪುಟದಲ್ಲಿ ಏನಿರುತ್ತದೆ? ‘ಸುಸ್ವಾಗತ’ ಎಂಬ ದೊಡ್ಡ ಅಕ್ಷರ, ಅಧ್ಯಕ್ಷರ ಭಾವಚಿತ್ರ, ಸಂಸ್ಥೆಯ ಧ್ಯೇಯೋದ್ದೇಶ. ಪುಟದ ಶೀರ್ಷಿಕೆ ‘ಹೋಮ್’. ಈಗ ಯೋಚಿಸಿ: ‘ಸುಸ್ವಾಗತ’ ಎಂದು ಗೂಗಲ್‌ನಲ್ಲಿ ಹುಡುಕಿ ಮೆಣಸಿನಕಾಯಿ ಕೊಳ್ಳುವವರು ಯಾರಾದರೂ ಇದ್ದಾರೆಯೇ?

ಗಿರಾಕಿ ಏನು ಕೇಳುತ್ತಾನೆ ಎಂಬುದರಿಂದ ಹೊರಡಬೇಕು. ಬೆಂಗಳೂರಿನವರು ಖಾರ ಕಡಿಮೆ, ಬಣ್ಣ ಹೆಚ್ಚು ಇರುವ ಮೆಣಸಿನಕಾಯಿ ಯಾವುದು ಎಂದು ಕೇಳುತ್ತಾರೆ. ಮಂಗಳೂರಿನವರು ಗಸಿಗೆ ಯಾವ ಮೆಣಸು ಹಾಕಬೇಕೆಂದು ಕೇಳುತ್ತಾರೆ. ಮಹಾರಾಷ್ಟ್ರದವರಿಗೆ ಇದು ‘ಬೇಡಗಿ ಮಿರ್ಚಿ’. ಇಂಗ್ಲಿಷಿನಲ್ಲಿ ಬರೆಯುವವರು ಬ್ಯಾಡಗಿ, ಬ್ಯಾಡ್ಗಿ, ಬೇಡ್ಗಿ ಎಂದು ಮೂರ್ನಾಲ್ಕು ಬಗೆಯ ಸ್ಪೆಲ್ಲಿಂಗ್ ಬಳಸುತ್ತಾರೆ. ಕಡ್ಡಿಗೂ ಡಬ್ಬಿಗೂ ಏನು ವ್ಯತ್ಯಾಸ, ಗುಂಟೂರಿನ ಕಾಯಿಯಿಂದ ಬ್ಯಾಡಗಿಯನ್ನು ಗುರುತಿಸುವುದು ಹೇಗೆ, ವರ್ಷವಿಡೀ ಹುಳು ಬಾರದಂತೆ ಇಡುವುದು ಹೇಗೆ: ಇವೆಲ್ಲ ಗಿರಾಕಿಯ ನಿಜವಾದ ಪ್ರಶ್ನೆಗಳು. ಗೂಗಲ್ ಪೆಟ್ಟಿಗೆಯಲ್ಲಿ ಒಂದೆರಡು ಪದ ಬರೆದು ನಿಲ್ಲಿಸಿದರೆ ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳು ಕೆಳಗೆ ತಾವಾಗಿಯೇ ಇಳಿದುಬರುತ್ತವೆ. ಅವನ್ನು ಬರೆದುಕೊಳ್ಳಿ. ನಿಮಗೆ ಫೋನು ಮಾಡಿದ ಗಿರಾಕಿಗಳು ಕೇಳಿದ್ದನ್ನೂ ಬರೆದುಕೊಳ್ಳಿ. ಈ ಎರಡನೆಯ ಪಟ್ಟಿ ಮೊದಲನೆಯದಕ್ಕಿಂತ ಬೆಲೆಯುಳ್ಳದ್ದೆಂದು ನನ್ನ ಎಣಿಕೆ.

ಒಂದು ಪ್ರಶ್ನೆಗೆ ಒಂದು ಪುಟ ಮೀಸಲಿಡಿ. ಪುಟದ ಶೀರ್ಷಿಕೆಯಲ್ಲಿ ಆ ಪ್ರಶ್ನೆಯ ಮುಖ್ಯ ಮಾತು ಬರಲಿ. ಒಳಗೆ ಉತ್ತರವನ್ನು ಸುತ್ತಿ ಬಳಸದೆ ಬರೆಯಿರಿ. ಮಹಾರಾಷ್ಟ್ರದಲ್ಲಿ ಇದನ್ನು ಬೇಡಗಿ ಎನ್ನುತ್ತಾರೆ ಎಂದು ಸಹಜವಾಗಿ ಒಂದು ಸಾಲು ಬರೆದರೆ ಆ ಹೆಸರಿನಿಂದ ಹುಡುಕುವವನಿಗೂ ದಾರಿಯಾಯಿತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆ ಸಂಗತಿಯನ್ನು ಹೇಳಿ, ನಿಮ್ಮ ಹೊಲ ಯಾವ ಊರಿನದು, ಬೀಜ ಯಾವುದು, ಕೊಯ್ಲು ಯಾವಾಗ, ಎಷ್ಟು ದಿನ ಕಣದಲ್ಲಿ ಒಣಗಿಸಿದಿರಿ ಎಂದು ತಿಳಿಸಿ. ನೀವೇ ತೆಗೆದ ಚಿತ್ರಗಳನ್ನು ಹಾಕಿ. ಇದನ್ನು ದೊಡ್ಡ ಕಂಪೆನಿ ಬರೆಯಲಾರದು. ಅವರಿಗೆ ಹೊಲವಿಲ್ಲ.

ಕನ್ನಡದಲ್ಲೇ ಬರೆಯಬೇಕೋ ಇಂಗ್ಲಿಷಿನಲ್ಲೋ ಎಂದು ಕೇಳುವವರಿದ್ದಾರೆ. ಗಿರಾಕಿ ಯಾರೆಂಬುದರ ಮೇಲೆ ಅದು ನಿಂತಿದೆ. ಹೊರರಾಜ್ಯಕ್ಕೆ ಮಾರುವುದಾದರೆ ಇಂಗ್ಲಿಷ್ ಪುಟ ಬೇಕೇ ಬೇಕು. ಆದರೆ ಕನ್ನಡದಲ್ಲಿ ಒಳ್ಳೆಯ ಪುಟಗಳು ಕಡಿಮೆಯಿರುವುದರಿಂದ ಇಲ್ಲಿ ಪೈಪೋಟಿಯೂ ಕಡಿಮೆ. ಎರಡನ್ನೂ ಬೇರೆ ಬೇರೆ ಪುಟಗಳಲ್ಲಿ ಇಡುವುದು ಲೇಸು. ಒಂದೇ ಪುಟದಲ್ಲಿ ಅವರೆ ತೊಗರಿ ಕಲಸಿದಂತೆ ಕಲಸಬೇಡಿ.

ಪುಟ ಬೇಗ ತೆರೆಯಬೇಕು

ಗೂಗಲ್ ಈಗ ತಾಣದ ಮೊಬೈಲ್ ರೂಪವನ್ನೇ ಮುಖ್ಯವಾಗಿ ಓದುತ್ತದೆ. ಮೊಬೈಲಿನಲ್ಲಿ ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕೆಂಬುದು ಅದು ಹಾಕಿಕೊಂಡ ಅಳತೆ. ನಿಧಾನಕ್ಕೆ ಸಾಮಾನ್ಯವಾಗಿ ಕಾರಣ ಚಿತ್ರಗಳ ಭಾರ. ಫೋನಿನಲ್ಲಿ ತೆಗೆದ ಒಂದು ಚಿತ್ರ ನಾಲ್ಕೈದು ಎಂಬಿ ಇರುತ್ತದೆ. ಅದನ್ನು ನೂರು ಇನ್ನೂರು ಕೆಬಿಗೆ ಇಳಿಸಿದರೂ ಕಣ್ಣಿಗೆ ವ್ಯತ್ಯಾಸ ತಿಳಿಯದು. ವಿಳಾಸದ ಮುಂದೆ ಸುರಕ್ಷಿತ ಸಂಪರ್ಕದ ಗುರುತೂ ಇರಬೇಕು. 2014ರಿಂದ ಇದನ್ನೂ ಸ್ಥಾನ ನಿರ್ಣಯದಲ್ಲಿ ಒಂದು ಸಣ್ಣ ಅಂಶವಾಗಿ ಪರಿಗಣಿಸಲಾಗುತ್ತಿದೆ. ಈ ಕೆಲಸಗಳನ್ನು ತಾಣ ಕಟ್ಟಿದವನು ಒಂದು ದಿನದಲ್ಲಿ ಮುಗಿಸಬಲ್ಲ.

ಕಳ್ಳದಾರಿಗಳು

ರಾಸಾಯನಿಕ ಚಿಮುಕಿಸಿ ಕಾಯಿಗೆ ಬಣ್ಣ ಬರಿಸುವವರಿದ್ದಂತೆ ಇಲ್ಲಿಯೂ ಇದ್ದಾರೆ. ಬಿಳಿಯ ಹಿನ್ನೆಲೆಯಲ್ಲಿ ಬಿಳಿಯ ಅಕ್ಷರದಿಂದ ‘ಮೆಣಸಿನಕಾಯಿ ಮೆಣಸಿನಕಾಯಿ’ ಎಂದು ನೂರು ಸಲ ಬರೆಯುವುದು ಹಳೆಯ ತಂತ್ರ. ‘ಕೀವರ್ಡ್ಸ್’ ಎಂಬ ಗುಪ್ತ ಜಾಗದಲ್ಲಿ ಪದಗಳನ್ನು ತುಂಬುವುದಕ್ಕೆ ಹಣ ಕೇಳುವವರು ಈಗಲೂ ಇದ್ದಾರೆ. ಸ್ಥಾನ ನಿರ್ಣಯಕ್ಕೆ ಅದನ್ನು ನೋಡುವುದೇ ಇಲ್ಲವೆಂದು ಗೂಗಲ್ 2009ರಲ್ಲೇ ಪ್ರಕಟಿಸಿದೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಹೆಚ್ಚು ಅಪಾಯದ್ದು ಕೊಂಡಿಗಳನ್ನು ಕೊಳ್ಳುವುದು. ‘ಐನೂರು ತಾಣಗಳಿಂದ ನಿಮಗೆ ಕೊಂಡಿ ಕೊಡಿಸುತ್ತೇವೆ’ ಎನ್ನುವವರು ಬಾಡಿಗೆ ಸಾಕ್ಷಿಗಳನ್ನು ಒದಗಿಸುವವರಿದ್ದಂತೆ. ಅಮೆರಿಕದ ಜೆ.ಸಿ. ಪೆನ್ನಿ ಎಂಬ ಬೃಹತ್ ಅಂಗಡಿಯ ಕಥೆ ಕೇಳಿ. 2010ರ ಹಬ್ಬದ ವ್ಯಾಪಾರದ ಕಾಲದಲ್ಲಿ ಉಡುಪು, ಹಾಸಿಗೆ, ಪೀಠೋಪಕರಣ ಯಾವುದನ್ನು ಹುಡುಕಿದರೂ ಅದೇ ಮೇಲೆ ಬರುತ್ತಿತ್ತು. ಸಂಬಂಧವೇ ಇಲ್ಲದ ನೂರಾರು ತಾಣಗಳಲ್ಲಿ ಅದರ ಕೊಂಡಿಗಳು ಅಡಗಿದ್ದುದನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ಗೂಗಲ್ ಕ್ರಮ ಕೈಗೊಂಡಿತು. ಕೆಲವು ಮಾತುಗಳಿಗೆ ಒಂದನೆಯ ಸ್ಥಾನದಲ್ಲಿದ್ದ ತಾಣ ಕೆಲವೇ ದಿನಗಳಲ್ಲಿ ಅರವತ್ತನ್ನು ದಾಟಿ ಕೆಳಗಿಳಿಯಿತು. ತನಗೇನೂ ತಿಳಿಯದೆಂದ ಕಂಪೆನಿ ತಾನು ನೇಮಿಸಿಕೊಂಡಿದ್ದ ಸಲಹೆಗಾರರನ್ನು ತೆಗೆದುಹಾಕಿತು. ಇದಕ್ಕೆ ಮೊದಲು 2006ರಲ್ಲಿ ಬಿಎಂಡಬ್ಲ್ಯು ಕಾರು ಕಂಪೆನಿಯ ಜರ್ಮನ್ ತಾಣ, ಯಂತ್ರಕ್ಕೊಂದು ಪುಟ ಮನುಷ್ಯರಿಗೊಂದು ಪುಟ ತೋರಿಸಿದ್ದಕ್ಕಾಗಿ ಖಾತೆಯಿಂದಲೇ ಹೊರಬಿದ್ದಿತ್ತು. ಅಂಥ ದೊಡ್ಡವರು ತಪ್ಪು ತಿದ್ದಿಕೊಂಡು ಬೇಗ ಮರಳಿ ಬರಬಲ್ಲರು. ಹತ್ತು ರೈತರ ಸಂಘಕ್ಕೆ ಆ ಶಕ್ತಿಯಿಲ್ಲ. ತಪ್ಪು ಮಾಡಿದವನು ದಲ್ಲಾಳಿಯಾದರೂ ದಂಡ ಬೀಳುವುದು ತಾಣದ ಮೇಲೆ ಎಂಬುದನ್ನು ಗಮನದಲ್ಲಿಡಿ.

2011ರಲ್ಲಿ ‘ಪಾಂಡ’ ಎಂಬ ಹೆಸರಿನ ಬದಲಾವಣೆ ಹುರುಳಿಲ್ಲದ ಬರಹಗಳನ್ನು ರಾಶಿ ಹಾಕುವ ತಾಣಗಳನ್ನು ಕೆಳಗಿಳಿಸಿತು. ಇಂಥ ತಾಣಗಳಿಗೆ ಇಂಗ್ಲಿಷಿನಲ್ಲಿ ‘ಕಂಟೆಂಟ್ ಫಾರ್ಮ್’ ಎಂದು ಹೆಸರು. ನಮ್ಮ ಕಸುಬಿನ ಹೆಸರನ್ನು ಎಂಥದ್ದಕ್ಕೆ ಕೊಟ್ಟಿದ್ದಾರೆ ನೋಡಿ! 2012ರ ‘ಪೆಂಗ್ವಿನ್’ ಬದಲಾವಣೆ ಕೊಂಡ ಕೊಂಡಿಗಳ ಮೇಲೆ ಬಿತ್ತು. 2024ರ ಮಾರ್ಚ್‌ನಲ್ಲಿ ಬಂದ ನಿಯಮ, ಸ್ಥಾನ ಏರಿಸಲೆಂದೇ ಪುಟಗಳನ್ನು ಗಾಡಿಗಟ್ಟಲೆ ತಯಾರಿಸಿ ಸುರಿಯುವುದನ್ನು ತಡೆಯಲು ಬಂದದ್ದು; ಮನುಷ್ಯ ಬರೆದದ್ದೇ ಆಗಲಿ, ಕೃತಕ ಬುದ್ಧಿಮತ್ತೆಯ ಯಂತ್ರ ಬರೆದದ್ದೇ ಆಗಲಿ. ‘ದಿನಕ್ಕೆ ಐವತ್ತು ಪುಟ ಹಾಕಿಕೊಡುತ್ತೇವೆ’ ಎನ್ನುವವರಿಂದ ದೂರವಿರಿ.

ನೇರವಾದ ಶಿಫಾರಸು

ಹಾಗಾದರೆ ಕೊಂಡಿಗಳು ಎಲ್ಲಿಂದ ಬರಬೇಕು? ನಿಮ್ಮನ್ನು ನಿಜವಾಗಿ ಬಲ್ಲವರಿಂದ. ನಿಮ್ಮ ಮಾಲು ಕೊಳ್ಳುವ ಖಾನಾವಳಿಗೆ ತಾಣವಿದ್ದರೆ ‘ನಮ್ಮ ಮೆಣಸಿನಕಾಯಿ ಇವರಿಂದ’ ಎಂದು ಒಂದು ಸಾಲು ಹಾಕಲು ಕೇಳಿ. ಕೃಷಿ ವಿಜ್ಞಾನ ಕೇಂದ್ರದವರು ನಿಮ್ಮ ಹೊಲದಲ್ಲಿ ಪ್ರಾತ್ಯಕ್ಷಿಕೆ ನಡೆಸಿದ್ದರೆ ಅದರ ವರದಿಯಲ್ಲಿ ನಿಮ್ಮ ವಿಳಾಸ ಸೇರಿಸಲು ವಿನಂತಿಸಿ. ಅಡುಗೆಯ ಬಗ್ಗೆ ಬರೆಯುವವರಿಗೆ ಅರ್ಧ ಕಿಲೋ ಕಾಯಿ ಕಳಿಸಿ ನೋಡಿ. ಮೆಚ್ಚಿದರೆ ಬರೆಯುತ್ತಾರೆ, ಇಲ್ಲದಿದ್ದರೆ ಸಾರಿಗಾದರೂ ಹಾಕಿಕೊಳ್ಳುತ್ತಾರೆ. ಕಳಿಸಿದ ಮಾಲಿಗೆ ಪ್ರತಿಯಾಗಿ ಕೊಂಡಿ ಹಾಕಲೇಬೇಕೆಂದು ಮಾತ್ರ ಕರಾರು ಮಾಡಬೇಡಿ. ಅದೂ ಕೊಂಡಂತೆಯೇ ಆಗುತ್ತದೆ. ಇಂಥ ಐದು ಕೊಂಡಿಗಳು ಬಾಡಿಗೆಯ ಐನೂರಕ್ಕಿಂತ ಮೇಲು.

ಗಿರಾಕಿಗಳು ಬಂದು ಕೊಳ್ಳುವಂಥ ಮಳಿಗೆ ನಿಮಗಿದ್ದರೆ ‘ಗೂಗಲ್ ಬಿಸಿನೆಸ್ ಪ್ರೊಫೈಲ್’ನಲ್ಲಿ ಅದನ್ನು ಪುಕ್ಕಟೆಯಾಗಿ ನಮೂದಿಸಬಹುದು. ಆಗ ಹೆದ್ದಾರಿಯಲ್ಲಿ ಹೋಗುವವನು ‘ಹತ್ತಿರದ ಮೆಣಸಿನಕಾಯಿ ಅಂಗಡಿ’ ಎಂದು ಹುಡುಕಿದರೆ ನಕ್ಷೆಯಲ್ಲಿ ನಿಮ್ಮ ಹೆಸರು ಕಾಣುವ ಸಂಭವವಿದೆ. ಕೇಳಿದ್ದಕ್ಕೂ ನಿಮ್ಮಲ್ಲಿರುವುದಕ್ಕೂ ಇರುವ ಹೊಂದಿಕೆ, ದೂರ, ನಿಮ್ಮ ಹೆಸರುವಾಸಿ ಈ ಮೂರರ ಮೇಲೆ ಅಲ್ಲಿಯ ಸ್ಥಾನ ನಿಂತಿದೆ. ಬರೀ ಅಂಚೆಯಲ್ಲಿ ಮಾರುವವರಿಗೆ ಈ ಸೌಲಭ್ಯವಿಲ್ಲ. ನೆಂಟರಿಷ್ಟರಿಂದ ಸುಳ್ಳು ಮೆಚ್ಚುಗೆ ಬರೆಯಿಸುವುದು ನಿಯಮಕ್ಕೆ ವಿರುದ್ಧ.

ಎಷ್ಟು ದಿನ, ಎಷ್ಟು ಖರ್ಚು

ಇಷ್ಟು ಮಾಡಿದ ಮಾರನೆಯ ದಿನ ಫಲ ನಿರೀಕ್ಷಿಸಬೇಡಿ. ಕೆಲವು ತಿದ್ದುಪಡಿಗಳು ಕೆಲವೇ ಗಂಟೆಗಳಲ್ಲಿ ಖಾತೆಗೆ ಏರುತ್ತವೆ, ಕೆಲವಕ್ಕೆ ಹಲವು ತಿಂಗಳು ಹಿಡಿಯುತ್ತದೆ. ಮುಂಗಾರಿಗೆ ಕೆಲಸ ಹಿಡಿದರೆ ಹೊಸ ಕಾಯಿ ಕಣಕ್ಕೆ ಬರುವ ಹೊತ್ತಿಗೆ ಪರಿಣಾಮ ಕಾಣಬಹುದು. ‘ಮೆಣಸಿನಕಾಯಿ’ ಎಂಬ ಒಂಟಿ ಪದಕ್ಕೆ ದೊಡ್ಡ ಕಂಪೆನಿಗಳನ್ನು ಹಿಂದಿಕ್ಕುವ ಆಸೆ ಬಿಡಿ. ‘ಬ್ಯಾಡಗಿ ಡಬ್ಬಿ ಮೆಣಸಿನಕಾಯಿ ರೈತರಿಂದ ನೇರ’ ಎಂಬಂಥ ಉದ್ದ ಮಾತಿಗೆ ಮೇಲೆ ಬಂದರೆ ಅದೇ ಲಾಭ. ಹುಡುಕುವವರು ಕಡಿಮೆ, ಆದರೆ ಹಾಗೆ ಹುಡುಕುವವನು ಕೊಳ್ಳಲೆಂದೇ ಬಂದವನು. ಇತ್ತೀಚೆಗೆ ಗೂಗಲ್ ಕೆಲವು ಪ್ರಶ್ನೆಗಳಿಗೆ ಪಟ್ಟಿಯ ಮೇಲೆಯೇ ತಾನೇ ಉತ್ತರ ಬರೆದು ತೋರಿಸುತ್ತಿದೆ. ಭಾರತದಲ್ಲಿ ಇದು 2024ರ ಆಗಸ್ಟ್‌ನಲ್ಲಿ ಆರಂಭವಾಯಿತು. ಉತ್ತರ ಅಲ್ಲೇ ಸಿಕ್ಕರೆ ಓದುವವರು ನಿಮ್ಮ ಪುಟದವರೆಗೆ ಬಾರದಿರಬಹುದು. ಆದರೆ ಕಾಯಿ ಬೇಕಾದವನು ಬರಲೇಬೇಕಲ್ಲ.

ಎಲ್ಲ ರೈತರಿಗೂ ತಾಣ ಬೇಕೆಂದು ನಾನು ಹೇಳುವುದಿಲ್ಲ. ಮೆಕ್ಕೆಜೋಳವನ್ನು ಲಾರಿಗಟ್ಟಲೆ ಕೊಡುವವನಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಹೆಸರು ಹೇಳಿ ಕೇಳುವ ಮಾಲು ಇರುವವರಿಗೆ, ಅಂದರೆ ಅಪ್ಪೆಮಿಡಿ, ಮಟ್ಟುಗುಳ್ಳ, ನಂಜನಗೂಡು ರಸಬಾಳೆ, ಜೋನಿ ಬೆಲ್ಲ, ಜೇನು ಇಂಥವನ್ನು ಉಳ್ಳವರಿಗೆ ಇದು ಶ್ರಮಕ್ಕೆ ತಕ್ಕ ಕೆಲಸ. ಪೊಟ್ಟಣ ಕಟ್ಟಿ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆದು ಆ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ತಾಣದಲ್ಲೂ ನಮೂದಿಸಿದರೆ ಗಿರಾಕಿಗೆ ನಂಬಿಕೆ ಬರುತ್ತದೆ.

ಯಾರನ್ನಾದರೂ ಸಂಬಳ ಕೊಟ್ಟು ನೇಮಿಸುವುದಾದರೆ ಏನೇನು ಮಾಡುತ್ತಾರೆಂಬುದನ್ನು ಬರಹದಲ್ಲಿ ಪಡೆಯಿರಿ. ಸರ್ಚ್ ಕನ್ಸೋಲಿನ ಒಡೆತನ ಸಂಘದ ಹೆಸರಿನಲ್ಲೇ ಇರಲಿ. ಅವರಿಗೆ ನೋಡುವ ಅನುಮತಿ ಮಾತ್ರ ಕೊಟ್ಟರೆ ಸಾಕು. ಮೋಸ ಹೋದವರು ಗ್ರಾಹಕರ ಸಹಾಯವಾಣಿ 1915ಕ್ಕೂ, ಅಂತರ್ಜಾಲದ ಹಣ ವಂಚನೆಯಾದರೆ 1930ಕ್ಕೂ ಕರೆ ಮಾಡಬಹುದು. ಜಾಲತಾಣದ ಹೆಸರು, ಅಂದರೆ ಡೊಮೇನ್, ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ಇಂದೇ ವಿಚಾರಿಸಿ. ಮಾಡಿಕೊಟ್ಟವನ ಹೆಸರಿನಲ್ಲಿದ್ದರೆ ಸಂಘದ ಹೆಸರಿಗೆ ವರ್ಗಾಯಿಸಿಕೊಳ್ಳಿ. ಅವಧಿಯೊಳಗೆ ನವೀಕರಿಸದಿದ್ದರೆ ಆ ಹೆಸರನ್ನು ಬೇರೆ ಯಾರು ಬೇಕಾದರೂ ಕೊಂಡು, ನೀವು ಸಂಪಾದಿಸಿದ ಹೆಸರಿನ ಮೇಲೆ ಜೂಜಿನ ಜಾಹೀರಾತು ಹಾಕಬಹುದು. ನವೀಕರಣದ ತಾರೀಖನ್ನು ಸಂಘದ ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ, ಸಾಲದ ಕಂತಿನ ತಾರೀಖಿನ ಪಕ್ಕದಲ್ಲೇ ಗುರುತು ಹಾಕಿಡಿ.